ಕಾಕಾ ಹೇಳಿದ ಎರಡು ಹೌದು

ನರ್ಸರಿ ಕಾಕಾ ನೀರು ಹಾಕದೆ ಮಲಗಿಬಿಟ್ಟ, ಅದಕ್ಕೇ ಸಸಿಗಳೆಲ್ಲ ಸತ್ತವು. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ನಮ್ಮೂರಲ್ಲಿ ಈಗಲೂ ಹೀಗೇ ಹೇಳುತ್ತಾರೆ. ಮಲಗಿದ್ದನ್ನು ಕಣ್ಣಾರೆ ನೋಡಿದವರು ಮಾತ್ರ ಒಬ್ಬರೂ ಇಲ್ಲ. ನಾನಂತೂ ಈ ಕಥೆಯನ್ನು ಒಪ್ಪುವುದಿಲ್ಲ.

ಮೊನ್ನೆ ಸೊಲ್ಲಾಪುರದ ಬಸ್ ಸ್ಟ್ಯಾಂಡಿನ ಹೊರಗೆ ಗಿಡ ಮಾರುವವನೊಬ್ಬ ಸಸಿಗಳ ಕರಿ ಪ್ಲಾಸ್ಟಿಕ್ ಚೀಲಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಕಾದ ಪ್ಲಾಸ್ಟಿಕ್ಕು, ಹಸಿ ಮಣ್ಣು, ಸಗಣಿ ಗೊಬ್ಬರ ಕೂಡಿದ ಆ ವಾಸನೆಗೆ ನಿಂತುಬಿಟ್ಟೆ. ಬಸ್ಸು ಹೋಯಿತು…

ಕಾಕಾ ಮೊದಲು ಕುರಿ ಕಾಯುತ್ತಿದ್ದರು. ಕುರಿ ಮಾರಿದ ಮೇಲೆ ಪಂಚಾಯಿತಿಯ ನರ್ಸರಿ ನೋಡಿಕೊಳ್ಳುತ್ತ, ಅಲ್ಲಿನ ತಗಡಿನ ಶೆಡ್ಡಿನಲ್ಲಿ ಒಬ್ಬರೇ ಇದ್ದರು. ಬೇವು, ಹುಣಸೆ ಸಸಿಗಳು. ಮಳೆ ಬಿದ್ದ ಕೂಡಲೇ ಶಾಲೆಯ ದಾರಿಗೆ ನೆಡಬೇಕಾದವು. ಮಧ್ಯಾಹ್ನ ಸಾಲಿನ ನಡುವೆ ಕೂತು ಎಲೆಗಳನ್ನು ಗಲ್ಲಕ್ಕೆ ಹಚ್ಚಿ ನೋಡುತ್ತಿದ್ದರು.

"ಜ್ವರ ನೋಡಾಕತ್ತೀರೇನ್ರಿ ಕಾಕಾ?" ಎಂದು ನಾನು ನಗುತ್ತಿದ್ದೆ.

"ನಗು ನಗು, ವಕೀಲ್‌ಬಾಯಿ. ನೀರು ಕುಡದ ಎಲಿ ಬಿಸಿಲಾಗೂ ತಣ್ಣಗಿರ್ತದ. ನೀರಡಿಸಿದ್ದು ಸುಡ್ತದ."

ನಾನಾಗ ಸೊಲ್ಲಾಪುರದಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ರಜೆಗೆ ಊರಿಗೆ ಬಂದರೆ ಎದುರಾಳಿಯಿಲ್ಲದೆ ಬೇಸರವಾಗುತ್ತಿತ್ತು.

ಆ ಬೇಸಿಗೆ ಬಾವಿ ಬತ್ತಿ ಊರಿಗೆ ಟ್ಯಾಂಕರ್ ಬರತೊಡಗಿತು. ನರ್ಸರಿಗೆ ಮೂರು ದಿನಕ್ಕೊಮ್ಮೆ ನೀರು. ಅದಕ್ಕೆ ಕಾಕಾ ತಕರಾರು ಮಾಡಲಿಲ್ಲ. ಆದರೆ ಸಸಿಗಳಿಗೆ ನೆರಳು ಕೊಡುತ್ತಿದ್ದ ಹಸಿರು ನೆಟ್ ಬಿಚ್ಚಿ, ಟ್ಯಾಂಕರಿಗೆ ಕಾಯುವ ಹೆಂಗಸರ ತಲೆಯ ಮೇಲೆ ಕಟ್ಟಬೇಕೆಂಬ ಮಾತು ಗ್ರಾಮಸಭೆಯಲ್ಲಿ ಬಂದಾಗ ಎದ್ದು ನಿಂತರು. ಹೆಂಗಸರ ಪರವಾಗಿ ನಾನು ಎದ್ದೆ. ಆ ಬೇಡಿಕೆ ತಪ್ಪೆಂದು ಈಗಲೂ ಹೇಳಲಾರೆ. ನಾನು ಗೆದ್ದ ರೀತಿ ತಪ್ಪು.

"ಕಾಕಾ, ಬೇವು ಬಿಸಿಲು ತಡೀತದೋ ಇಲ್ಲೋ?"

"ತಡೀತದವಾ. ನೀರು ಇದ್ರ…"

"ಹೌದು, ಇಲ್ಲ, ಅಷ್ಟ ಹೇಳ್ರಿ."

"ಹೌದು."

"ಮೂರು ದಿನ ನೀರಿಲ್ಲದ ಇರ್ತದೇನು?"

"ನೆರಳಾಗ ಇದ್ರ…"

"ಹೌದೋ ಇಲ್ಲೋ?"

"ಹೌದು. ಆದ್ರ ಯವ್ವಾ, ಎರಡೂ ಕೂಡೇ ಬಂದ್ರ…"

"ಎರಡೂ ತಡೀತದಂತ ಅವರೇ ಹೇಳ್ಯಾರ," ಎಂದು ನಾನು ಸಭೆಯ ಕಡೆ ತಿರುಗಿದೆ. "ಮತ್ತ ನೆಟ್ ಯಾಕ ಬೇಕ್ರಿ?"

"ಹೋತು ಬಿಡ್ರಿ ಕಾಕಾ ನಿಮ್ಮ ಕೇಸು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕಂತೆ ಮಾಡಿ ಕೂತರು. ಅಂದು ಸಂಜೆ ನೆಟ್ಟಿನ ಗಂಟುಗಳನ್ನು ತಮ್ಮ ಕೈಯಿಂದಲೇ ಬಿಚ್ಚಿಕೊಟ್ಟರು.

ಆಮೇಲೆ ಬಿಸಿಗಾಳಿ ಬೀಸಿತು. ವಾರದೊಳಗೆ ನಾನು ನೋಡಲು ಹೋದಾಗ ಎಲೆಗಳ ಅಂಚು ಸುಟ್ಟ ಕಾಗದದಂತೆ ಸುರುಟಿತ್ತು. ಇನ್ನೂ ಹಸಿರಿದ್ದ ಒಂದೆಲೆಯನ್ನು ಗಲ್ಲಕ್ಕೆ ಹಚ್ಚಿದೆ… ಚುರ್ ಎಂದಿತು. ಕಾಕಾ ತಮ್ಮ ಪಾಲಿನ ಕುಡಿಯುವ ನೀರನ್ನು ತಂಬಿಗೆಯಿಂದ ಒಂದೊಂದೇ ಚೀಲಕ್ಕೆ ಬಿಡುತ್ತಿದ್ದರು. ತಲೆಯೆತ್ತದೆ ಹೇಳಿದರು: "ಕುಡಿಸಿದ್ರೂ ಕುಡೀವಲ್ಲವು."

ನೀರಡಿಸಿದ ಸಸಿ ಎಲೆಯಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚಿ, ಇದ್ದಷ್ಟು ನೀರು ಉಳಿಸಿಕೊಳ್ಳುತ್ತದೆ. ಆದರೆ ಎಲೆಯನ್ನು ತಣ್ಣಗಿಡುವುದು ಅದೇ ರಂಧ್ರಗಳಿಂದ ಆವಿಯಾಗಿ ಹೋಗುವ ನೀರು. ತೆರೆದರೆ ಒಣಗಬೇಕು, ಮುಚ್ಚಿದರೆ ಬೇಯಬೇಕು. ಇದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಕಾಕಾ ಅಂದು ಹೇಳಹೊರಟದ್ದು ಇದನ್ನೇ. ನಾನು ಮುಗಿಸಲು ಬಿಡಲಿಲ್ಲ.

ಸಸಿಗಳೆಲ್ಲ ಸತ್ತ ಮೇಲೆ ತಾಲೂಕಿನಿಂದ ಸಾಹೇಬರೊಬ್ಬರು ಬಂದು, ನೆಟ್ ಯಾರು ತೆಗೆದದ್ದು ಎಂದು ಮರಾಠಿಯಲ್ಲಿ ಕೇಳಿದರು. ಅಂದು ಸಭೆಯಲ್ಲಿ ನಕ್ಕವರೆಲ್ಲ ಅಲ್ಲೇ ಇದ್ದರು. ನಾನೂ ಇದ್ದೆ. ಸುತ್ತ ಒಂದು ಸಲ ನೋಡಿ ಕಾಕಾ ಹೇಳಿದರು: "ನಾನೇ ತಗದೀನ್ರಿ, ಸಾಹೇಬ್ರ."

ಕೆಲಸ ಹೋಯಿತು; ಅದರ ಜೊತೆ ಶೆಡ್ಡೂ. ಒಂದು ಕೈಚೀಲ ಹಿಡಿದು ಕಂದಲಗಾಂವದ ತಂಗಿಯ ಮನೆಗೆ ಹೋದರು. ಅವರು ಹೋದ ಮೇಲೆ ಊರಲ್ಲಿ ನೆಟ್ಟಿನ ಮಾತು ಅಳಿಸಿ, ಮಲಗಿದ ಕಥೆ ಹುಟ್ಟಿತು. ನಾನು ಸೊಲ್ಲಾಪುರಕ್ಕೆ ಮರಳಿದೆ. ಅಲ್ಲಿಂದ ಕಂದಲಗಾಂವಕ್ಕೆ ಬಸ್ಸಿತ್ತು, ರವಿವಾರಗಳಿದ್ದವು… ಹೋಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದದ್ದೂ ಮಣ್ಣಾಗಿ ತಿಂಗಳಾದ ಮೇಲೆ.

ಈಗ ಊರಲ್ಲಿ ಯಾರಾದರೂ ಆ ಹಳೆಯ ಕಥೆ ಶುರು ಮಾಡಿದರೆ ತಡೆದು, ನಡೆದದ್ದನ್ನು ಹೇಳುತ್ತೇನೆ. "ನೀ ಏನ ಬಿಡವಾ, ಮಾತಿನ್ಯಾಗ ಯಾರಿಗೂ ಸೋಲಂಗಿಲ್ಲ," ಎಂದು ಎದ್ದು ಹೋಗುತ್ತಾರೆ. ಸೊಲ್ಲಾಪುರದ ನನ್ನ ಬಾಡಿಗೆ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡ ಮೇಲೂ ಕಾಕಾನ ಪರವಾಗಿ ವಾದಿಸುತ್ತಲೇ ಇರುತ್ತೇನೆ. ಕೇಳುವವರಿಲ್ಲ. ಪ್ರತಿ ಸಲ ಒಂದೇ ಜಾಗಕ್ಕೆ ಬಂದು ತಡವರಿಸುತ್ತೇನೆ.

ಕಾಕಾ, "ನಾನೇ" ಅನ್ನುವ ಮೊದಲು ನೀವು ಸುತ್ತ ನೋಡಿದಿರಲ್ಲ, ನನ್ನ ಮುಖದ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತ್ತು. ನಾನು ಮಾತಾಡಲಿ ಎಂದು ಕಾಯುತ್ತಿದ್ದಿರೇನ್ರಿ?