ಬಿಸಿಯೊಲೆ ಊರಿನ ಕಲಿಪಾ

ನಾರಿನ್ ಪಟ್ಟಣದ ರೊಟ್ಟಿ ಕಾರ್ಖಾನೆಯಲ್ಲಿ ಕಲಿಪಾ ಇಪ್ಪತ್ತೊಂಬತ್ತು ವರ್ಷ ಹಿಟ್ಟು ನಾದಿದಳು. ಕಾರ್ಖಾನೆ ಮುಚ್ಚಿತು, ಕಟ್ಟಡವನ್ನು ಕೆಡವಿದರು, ಈಗ ಅಲ್ಲಿ ಹಳೆಯ ಟೈರುಗಳ ಗುಡ್ಡೆ ಬಿದ್ದಿದೆ. ಸುಮ್ಮನೆ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ಗೊಣಗುವ ಜಾತಿಯ ಹೆಂಗಸು ಅವಳು. ಹಾಗಾಗಿ ತಮ್ಮ ರಷ್ಯಾಕ್ಕೆ ಹೊರಟಾಗ ಹದಿನಾಲ್ಕು ಕಂಪ್ಯೂಟರುಗಳ ತನ್ನ ಆಟದ ಕ್ಲಬ್ಬನ್ನು ಅಕ್ಕನ ಕುತ್ತಿಗೆಗೆ ಕಟ್ಟಿದ. ಮೌಸು ಹಿಡಿಯುವುದು ಹೇಗೆಂದೂ ಗೊತ್ತಿರಲಿಲ್ಲ ಅವಳಿಗೆ. ಒಂದು ಚಳಿಗಾಲ ಗಿರಾಕಿಗಳ ಬೆನ್ನ ಹಿಂದೆ ನಿಂತು ನೋಡಿದಳು. ಮರುವರ್ಷ ತಾನೇ ಕುರ್ಚಿ ಎಳೆದುಕೊಂಡು ಕೂತಳು.

ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ಒಂದೇ ಆಟ, ಏಳು ಕಣಿವೆಗಳ ಯುದ್ಧ. ಮುದಿ ಚಕ್ರವರ್ತಿ ಉತ್ತರಾಧಿಕಾರಿಯನ್ನು ಹೆಸರಿಸದೆ ಸತ್ತಿದ್ದಾನೆ. ಹಿರಿಯ ಹೆಂಡತಿಯ ಮಗ ಹಾಲ್ದೋರ್ ಅರಸ ಒಂದು ಕಡೆ, ಅವನ ಪಕ್ಷಕ್ಕೆ ಬೂದು ಕಿರೀಟ ಎಂದು ಹೆಸರು. ಕಿರಿಯ ಹೆಂಡತಿಯ ಮಗಳು ಇಸ್ಮೇರಾ ರಾಣಿ ಇನ್ನೊಂದು ಕಡೆ, ಅವಳದು ಕೆಂಪು ಲಗಾಮು. ಈ ಅರಸ, ರಾಣಿ ಇಬ್ಬರೂ ಆಟದೊಳಗಿನ ಗೊಂಬೆಗಳು, ಕಂಪ್ಯೂಟರೇ ಅವರನ್ನು ಆಡಿಸುತ್ತದೆ. ಆದರೆ ಅವರ ದಂಡನಾಯಕರು ಜೀವ ಇರುವ ಮನುಷ್ಯರು, ನಮ್ಮ ನಿಮ್ಮ ಹಾಗೆ ತಪ್ಪು ಮಾಡುವವರು. ಅಣ್ಣ ತಂಗಿ ಆಸ್ತಿಗೆ ಕಚ್ಚಾಡುವುದನ್ನು ಕಲಿಪಾ ತನ್ನ ಬೀದಿಯಲ್ಲೇ ಸಾಕಷ್ಟು ನೋಡಿದ್ದಳು. ಅದಕ್ಕಾಗಿ ಕಂಪ್ಯೂಟರಿನ ಮುಂದೆ ಕೂರಬೇಕೇ? ಅವಳು ಯಾವ ಪಕ್ಷಕ್ಕೂ ತಲೆಬಾಗಲಿಲ್ಲ. ನಡುವಿನ ಕಣಿವೆಯಲ್ಲಿ, ಕಣಿವೆ ದಾರಿಯ ಬಾಯಲ್ಲೇ, ಒಂದು ಊರು ಕಟ್ಟತೊಡಗಿದಳು. ಊರಿಗೆ ಬಿಸಿಯೊಲೆ ಎಂದು ಹೆಸರಿಟ್ಟಳು.

ನಾಲ್ಕು ವರ್ಷ ಕಟ್ಟಿದಳು. ನಡುವೆ ರೊಟ್ಟಿ ಕಾರ್ಖಾನೆ, ಆರು ಒಲೆ, ಹೊಗೆ ಬರುವ ಚಿಮಣಿ. ಸುತ್ತ ನಲವತ್ತೊಂದು ಮನೆ. ಕಾರ್ಖಾನೆಯ ಪಾಳಿಯಲ್ಲಿ ಅವಳ ಜೊತೆಗಿದ್ದ ನಲವತ್ತೊಂದು ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು. ಕೆಲವರು ತೀರಿಕೊಂಡಿದ್ದರು, ಕೆಲವರು ಮಕ್ಕಳ ಹಿಂದೆ ರಾಜಧಾನಿ ಬಿಷ್ಕೆಕ್‌ಗೆ ಹೋಗಿದ್ದರು. ಒಬ್ಬಳಿಗೆ ನೀಲಿ ಕಿಟಕಿ ಇಷ್ಟ ಎಂದು ನೀಲಿ ಕಿಟಕಿ, ಇನ್ನೊಬ್ಬಳ ಬಾಯಿ ಜೋರು ಎಂದು ಅವಳ ಮನೆ ಊರಿನ ಕೊನೆಯಲ್ಲಿ. ಗಂಡ ಶೇರ್ಗಾಜಿ ಹಿಂದೆ ಬಂದು ನಿಂತು ನಗುತ್ತಿದ್ದ. "ಮುದುಕೀ, ನಮ್ಮ ಮನೆ ಸೂರು ಸೋರ್ತಿದೆ. ನೀನು ಅಲ್ಲಿ ಹೆಂಚು ಹೊದಿಸ್ತಿದೀಯಾ?"

"ಅಲ್ಲಿ ಹೊದಿಸೋದಕ್ಕೆ ನಿನ್ನನ್ನ ಏಣಿ ಹತ್ತಿಸ್ಬೇಕಾಗಿಲ್ವಲ್ಲ" ಎನ್ನುತ್ತಿದ್ದಳು ಕಲಿಪಾ.

ಯುದ್ಧ ಮುಗಿಯುವ ವರ್ಷ ಬಂತು. ಭಾನುವಾರ ಮಧ್ಯಾಹ್ನಕ್ಕೆ ಕೊನೆಯ ಕಾಳಗ ಎಂದು ಆಟದಲ್ಲಿ ಡಂಗುರ ಸಾರಿದರು. ಕಣಿವೆ ದಾರಿ ಯಾರ ಕೈಸೇರುತ್ತದೋ ಸಿಂಹಾಸನ ಅವರದು. ಅರಸನೂ ರಾಣಿಯೂ ತಂತಮ್ಮ ದಂಡನಾಯಕರಿಗೆ ಒಂದೇ ಅಪ್ಪಣೆ ಕೊಟ್ಟರು: ಬಿಸಿಯೊಲೆಯನ್ನು ಹಿಡಿಯಿರಿ. ಒಬ್ಬರ ಕಡೆ ಸೇರಿದರೆ ಇನ್ನೊಬ್ಬರು ಸುಡುತ್ತಾರೆ. ಸೇರದಿದ್ದರೆ ಇಬ್ಬರೂ ಸೇರಿ ಸುಡುತ್ತಾರೆ. ಈ ಆಟದಲ್ಲಿ ಒಮ್ಮೆ ಸುಟ್ಟ ಊರು ಮತ್ತೆ ಬರುವುದಿಲ್ಲ. ಪರದೆಯ ಮೇಲೆ ಆ ಅಪ್ಪಣೆ ಓದಿದ ದಿನ ಕಲಿಪಾಗೆ ಅನ್ನ ನೀರು ಸೇರಲಿಲ್ಲ. ಒಂದು ಸಲ ಕಣ್ಣೆದುರೇ ಕಾರ್ಖಾನೆ ಹೋಗಿತ್ತು, ಆಗ ಯಾರೂ ಅವಳನ್ನು ಕೇಳಿರಲಿಲ್ಲ. ಈ ಸಲ ಕೇಳದೆ ಬಿಡುವುದಿಲ್ಲ ಎಂದು ಹಟ ಹಿಡಿದಳು.

ಅವಳ ಅದೃಷ್ಟವೋ ದುರದೃಷ್ಟವೋ, ಎರಡೂ ದಂಡುಗಳ ನಾಯಕರು ಅವಳದೇ ಕ್ಲಬ್ಬಿನಲ್ಲಿ ಆಡುತ್ತಿದ್ದರು.

ಬೂದು ಕಿರೀಟದ ನಾಯಕ ಮುಕಾಶ್. ಅರವತ್ತೇಳರ ನಿವೃತ್ತ ಪಶುವೈದ್ಯ, ಆಟದಲ್ಲಿ ಕಬ್ಬಿಣಗಡ್ಡ ಎಂದು ಹೆಸರು. ಬೆಳಿಗ್ಗೆ ಹತ್ತಕ್ಕೆ ಬಂದು ಕಿಟಕಿ ಪಕ್ಕದ ಯಂತ್ರ ಹಿಡಿಯುತ್ತಿದ್ದ. ಕೆಂಪು ಲಗಾಮಿನ ನಾಯಕನ ಹೆಸರು ಮಂಜುಗಣ್ಣ. ಅವನು ಯಾರೆಂದು ಊರಿಗೆ ಗೊತ್ತಿರಲಿಲ್ಲ. ಗಡಿ ಠಾಣೆಯ ಮೇಜರ್ ಇರಬೇಕೆಂದು ಮುಕಾಶ್ ಆಣೆ ಇಟ್ಟು ಹೇಳುತ್ತಿದ್ದ. ಕಲಿಪಾಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯ ಕೆಲಸ ಮುಗಿಸಿ, ಬಿಳಿ ಕೋಟು ಚೀಲಕ್ಕೆ ತುರುಕಿಕೊಂಡು, ಸಂಜೆ ಒಂದೂವರೆ ಗಂಟೆ ಕಾಲ ಮೂಲೆಯ ಯಂತ್ರದಲ್ಲಿ ಕೂರುತ್ತಿದ್ದ ಇಪ್ಪತ್ನಾಲ್ಕರ ನರ್ಸ್ ಬೆಗಾಯಿಮ್ ಅದು. ಮುಕಾಶ್‌ನ ಸೊಸೆ. ಮಾವನ ಎದುರು ತಲೆಗೆ ಬಟ್ಟೆ ಕಟ್ಟದೆ ಓಡಾಡದವಳು, ದನಿ ಎತ್ತಿ ಮಾತಾಡದವಳು. ಅವಳು ಎರಡು ವರ್ಷದಲ್ಲಿ ಮಾವನ ಮೂರು ಕೋಟೆಗಳನ್ನು ಬೂದಿ ಮಾಡಿದ್ದಳು.

ಗುಟ್ಟು ಕಾಯುವುದೆಂದರೆ ಕಲಿಪಾಗೆ ನಾಲಿಗೆ ಮೇಲೆ ಕೆಂಡ ಇಟ್ಟ ಹಾಗೆ. ಆದರೂ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗ ಬೆಗಾಯಿಮ್‌ಳನ್ನು ಪಕ್ಕಕ್ಕೆ ಕರೆದಳು.

"ಗುರುವಾರ ನಮ್ಮನೇಲಿ ಕುರಿ ಕಡಿಸ್ತೀನಿ. ನಿಮ್ಮ ಮಾವನೂ ಬರ್ತಾರೆ. ಎದುರಾಬದುರಾ ಕೂತು ನನ್ನ ಊರಿನ ವಿಷಯ ಇತ್ಯರ್ಥ ಆಗ್ಲಿ."

ಹುಡುಗಿಯ ಮುಖದಲ್ಲಿ ರಕ್ತವೇ ಇಳಿದುಹೋಯಿತು. "ಎಜೆ, ನನ್ನಕ್ಕಾ, ದಮ್ಮಯ್ಯ, ಅವರಿಗೆ ಗೊತ್ತಾದ್ರೆ ನಾನು ಆ ಮನೇಲಿ ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

"ಹೊಟ್ಟೆ ತುಂಬಿದ್ಮೇಲೆ ಹೇಳ್ತೀನಿ ಕಣೇ. ಹೊಟ್ಟೆ ತುಂಬಿದ ಗಂಡಸಿಗೆ ಏನ್ ಬೇಕಾದ್ರೂ ಹೇಳ್ಬಹುದು, ನಲವತ್ತು ವರ್ಷ ಸಂಸಾರ ಮಾಡಿದೀನಿ. ನಾನು ಬಾಯಿ ಬಿಡೋವರೆಗೂ ನೀನು ಚಹಾ ಬಗ್ಗಿಸ್ತಾ ಇರು, ಅಷ್ಟೇ."

ಮುಕಾಶ್‌ಗೆ ಹೇಳಿದ್ದು ಇನ್ನೂ ಚಿಕ್ಕದು: ಮಂಜುಗಣ್ಣ ಬರುತ್ತಾನೆ. "ಬರ್ಲಿ ಬರ್ಲಿ, ಮುಖ ನೋಡ್ತೀನಿ ಆ ಬಡ್ಡೀಮಗನ್ದು" ಎಂದು ಮುದುಕ ಮೀಸೆ ತಿರುವಿದ.

ಗುರುವಾರ ಮಧ್ಯಾಹ್ನ ಮುಕಾಶ್ ಹೆಂಡತಿಯೊಂದಿಗೆ ಬಂದು ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಕೂತ. ಸೊಸೆ ಬಂದು ಬಾಗಿಲ ಪಕ್ಕ ಚಹಾ ಕುದಿಸುವ ಸಮೋವಾರಿನ ಹತ್ತಿರ ಕೂತಳು. ಕಲಿಪಾಗೆ ಕೈ ನೆರವಾಗಲು ಬಂದಿದ್ದಾಳೆಂದು ಮಾವ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಬಾಗಿಲ ಮೇಲೆ. ಗಡಿ ಠಾಣೆಯ ಮೇಜರ್ ಈಗ ಬಂದಾನು, ಇನ್ನೊಂದು ಗಳಿಗೆಗೆ ಬಂದಾನು.

ಈಗ ಎಲುಬಿನ ವಿಷಯ ಹೇಳಬೇಕು. ನಮ್ಮಲ್ಲಿ ಬೆಂದ ಕುರಿಯನ್ನು ಸಿಕ್ಕ ಸಿಕ್ಕವರಿಗೆ ಸಿಕ್ಕ ಸಿಕ್ಕ ಹಾಗೆ ಬಡಿಸುವುದಿಲ್ಲ. ಒಂದೊಂದು ಎಲುಬಿಗೂ ಒಂದೊಂದು ಮರ್ಯಾದೆ. ಸೊಂಟದ ಎಲುಬು ಕೂಟದ ಹಿರಿಯ ಗಂಡಸಿಗೆ, ಬಾಲದ ಬುಡ ಹಿರಿಯ ಹೆಂಗಸಿಗೆ, ತೊಡೆಯದು ಅವರ ನಂತರದವರಿಗೆ. ಸೊಸೆಯಂದಿರಿಗೆ ಎದೆಯ ತುಂಡು ಬಂದರೆ ಅದೇ ಭಾಗ್ಯ. ಇದರಲ್ಲಿ ತಪ್ಪಿ ಹತ್ತು ವರ್ಷ ಮಾತು ಬಿಟ್ಟ ಬೀಗರನ್ನು ನಾನೇ ಬಲ್ಲೆ. ಕುರಿಗೆ ಸೊಂಟದ ಎಲುಬು ಎರಡು. ಕಲಿಪಾ ಗಂಡನಿಗೆ ಮೊದಲೇ ಹೇಳಿಟ್ಟಿದ್ದಳು: "ಒಂದು ಹಿರಿಯಣ್ಣ ಮುಕಾಶ್ ಬೈಕೆಗೆ. ಇನ್ನೊಂದು ಕೆಂಪು ದಂಡಿನ ನಾಯಕಿಗೆ, ಬೆಗಾಯಿಮ್‌ಗೆ. ಆದ್ರೆ ನಾನು ಹೇಳೋವರೆಗೂ ಒಳಗೇ ಇರ್ಲಿ."

ಶೇರ್ಗಾಜಿ ಮೊದಲೆರಡು ಮಾತು ಕೇಳಿಸಿಕೊಂಡಿದ್ದ. ಮೂರನೆಯದು ಹೇಳುವಾಗ ಅವನು ಚೂರಿ ಮಸೆಯುತ್ತಿದ್ದ.

ಕಲಿಪಾ ಸಾರಿನ ಪಾತ್ರೆ ತರಲು ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಶೇರ್ಗಾಜಿ ತಟ್ಟೆ ಹಿಡಿದು ಬಂದ. ಒಂದು ಸೊಂಟದ ಎಲುಬನ್ನು ಮುಕಾಶ್‌ನ ಮುಂದಿಟ್ಟ. ಇನ್ನೊಂದನ್ನು ಎತ್ತಿಕೊಂಡು, ಎಲ್ಲರನ್ನೂ ದಾಟಿ, ಬಾಗಿಲ ಹತ್ತಿರ ಹೋಗಿ, ಸೊಸೆಯ ಮುಂದೆ ಇಟ್ಟುಬಿಟ್ಟ. ಕೈ ಒರೆಸಿಕೊಂಡು ತನ್ನ ಜಾಗದಲ್ಲಿ ಕೂತ. ತನ್ನ ಕೆಲಸ ಅಚ್ಚುಕಟ್ಟಾಗಿ ಮುಗಿಯಿತು ಎಂಬ ಸಮಾಧಾನ ಅವನ ಮುಖದಲ್ಲಿತ್ತು.

ಕಲಿಪಾ ಸಾರು ಹಿಡಿದು ಬಂದಾಗ ಎಲ್ಲರ ಕಣ್ಣೂ ಎಲುಬುಗಳ ಮೇಲಿತ್ತು. ಮಾವನ ಮುಂದೆ ಒಂದು ಎಲುಬು, ಸೊಸೆಯ ಮುಂದೆ ಅದರ ಜೋಡಿ. ಬೆಗಾಯಿಮ್ ತಲೆ ತಗ್ಗಿಸಿ ಕೂತಿದ್ದಳು, ಕಿವಿಯೆಲ್ಲ ಕೆಂಪಾಗಿತ್ತು. ಮುಕಾಶ್ ತನ್ನ ಎಲುಬು ನೋಡಿದ, ಅವಳದು ನೋಡಿದ, ಮೇಜರ್ ಬಾರದ ಬಾಗಿಲನ್ನು ನೋಡಿದ.

"ನನ್ನ ಕರಾಗೈ ಕೋಟೆ ಸುಟ್ಟೋಳು ನೀನಾ?" ಎಂದ ಮೆಲ್ಲಗೆ.

"ಹೌದು, ಅತಾ." ಮಾವನನ್ನು ಅವಳು ಅಪ್ಪ ಎಂದೇ ಕರೆಯುತ್ತಿದ್ದಳು.

"ಸೇತುವೆ ಕೆಳಗೆ ಅಡಗಿ ಕೂತು ನನ್ನ ಮುನ್ನೂರು ಕುದುರೆ ನೀರಿಗೆ ಬೀಳ್ಸಿದ್ದು?"

"ಹೌದು, ಅತಾ."

"ನಾನು ಆ ದಾರೀಲೇ ಬರ್ತೀನಿ ಅಂತ ನಿಂಗೆ ಹೇಳಿದ್ಯಾರು?"

ಸೊಸೆ ತಲೆಬಟ್ಟೆ ಸರಿಮಾಡಿಕೊಂಡಳು. "ನೀವೇ, ಅತಾ. ದಿನಾ ಬೆಳಿಗ್ಗೆ ಗಂಜಿ ಕುಡೀತಾ ಅತ್ತೆಗೆ ಎಲ್ಲಾ ಹೇಳ್ತೀರಲ್ಲ, ಎಲ್ಲಿಂದ ನುಗ್ತೀರಿ, ಎಷ್ಟು ಜನ ಅಂತ. ನಾನು ಅಲ್ಲೇ ಇರ್ತೀನಿ."

ಮೊದಲು ನಕ್ಕದ್ದು ಮುಕಾಶ್‌ನ ಹೆಂಡತಿ. ಸೆರಗಿನಂತೆ ತಲೆಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. "ನಂಗೊಂದು ಅಕ್ಷರ ತಲೆಗೆ ಹೋಗ್ತಿರ್ಲಿಲ್ಲ. ಸದ್ಯ, ಯಾರಿಗಾದ್ರೂ ಉಪಯೋಗ ಆಯ್ತಲ್ಲ!" ಎಂದಳು. ಮುಕಾಶ್‌ನ ಮೀಸೆ ಒಂದು ಕ್ಷಣ ನಡುಗಿತು. ಆಮೇಲೆ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. "ಎರಡು ವರ್ಷ ಆ ಮೇಜರ್ ಕಂಡಾಗೆಲ್ಲ ಮುಖ ತಿರುಗಿಸ್ದೆನಲ್ಲೋ! ಪಾಪ, ನಮಸ್ಕಾರ ಬೇರೆ ಮಾಡ್ತಿದ್ದ!"

ಈ ನಗುವಿನಲ್ಲೇ ಕೆಲಸ ಆಗಿಹೋಗಲಿ ಎಂದು ಕಲಿಪಾ ತನ್ನ ಊರಿನ ಮಾತು ತೆಗೆದಳು. ಕಣಿವೆ ದಾರಿ ಬಿಟ್ಟು ಕೆಳಗಿನ ಬಯಲಲ್ಲಿ ಕಾದಾಡಿ ಎಂದು ಕೇಳಿದಳು.

ನಗು ನಿಂತಿತು. ಮುಕಾಶ್ ಗಡ್ಡ ತುರಿಸಿಕೊಂಡ. "ಕಲಿಪಾ, ಅರಸನ ಅಪ್ಪಣೆ ಮೀರಿದ್ರೆ ಪದವಿ ಹೋಗುತ್ತೆ, ದಂಡು ಹೋಗುತ್ತೆ. ಮರದ ಈಟಿ ಕೊಟ್ಟು ಮೊದಲಿಂದ ಶುರುಮಾಡು ಅಂತಾರೆ. ಐದು ವರ್ಷದ ದುಡಿಮೆ ನಂದು."

"ಗೊಂಬೆ ಅರಸ ಅವನು, ಬೈಕೆ. ಕುರಿ ಕಡಿದ್ರೆ ಬಂದು ತಿನ್ನೋಕೂ ಬಾಯಿಲ್ಲ ಅವನಿಗೆ."

"ನಿನ್ನ ಊರೂ ಗೊಂಬೆ ಊರೇ ಅಲ್ವಾ?"

ಆ ಮಾತು ಕಲಿಪಾಳ ಎದೆಗೆ ನಾಟಿತು. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಒಂದೊಂದೇ ಮನೆ ಹೇಳತೊಡಗಿದಳು. ನೀಲಿ ಕಿಟಕಿಯದು ಯಾರದು, ಯಾರು ಯಾವ ಒಲೆಯ ಮುಂದೆ ನಿಲ್ಲುತ್ತಿದ್ದರು, ಯಾರು ಹಾಡು ಹೇಳಿದರೆ ಹಿಟ್ಟು ಬೇಗ ಹುದುಗುತ್ತದೆಂದು ಎಲ್ಲರೂ ನಂಬಿದ್ದರು. ಇಪ್ಪತ್ತನೆಯ ಮನೆಗೆ ಬರುವಷ್ಟರಲ್ಲಿ ಮಾಂಸ ಆರಿಹೋಯಿತು. ಬೆಗಾಯಿಮ್ ಮಾವನ ಮುಖ ನೋಡಿದಳು. ಮಾವ ಚಾಪೆ ನೋಡುತ್ತಿದ್ದ. ಯಾರೂ ಮಾತು ಕೊಡಲಿಲ್ಲ. ಏಳುವ ಮುಂಚೆ ಹಿರಿಯನಾದ ಮುಕಾಶ್ ಅಂಗೈ ತೆರೆದು ಮನೆಗೆ, ಮಕ್ಕಳಿಗೆ, ಕುರಿಮಂದೆಗೆ ಒಳ್ಳೆಯದಾಗಲೆಂದು ಹಾರೈಸಿದ. ಎಲ್ಲರೂ ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು. ಊರಿನ ಹೆಸರು ಅದರಲ್ಲಿ ಬರಲಿಲ್ಲ. ಅದು ಕಲಿಪಾಳ ಗಮನಕ್ಕೆ ಬಾರದೆ ಇರಲಿಲ್ಲ.

ಭಾನುವಾರ ಹನ್ನೊಂದೂವರೆಗೆ ಕಿಟಕಿ ಪಕ್ಕದ ಎರಡು ಬಿಟ್ಟು ಉಳಿದ ಯಂತ್ರಗಳೆಲ್ಲ ಭರ್ತಿ. ಕಲಿಪಾ ತನ್ನ ಪರದೆಯ ಮುಂದೆ ಕೂತು, ಕಾರ್ಖಾನೆಯ ಆರೂ ಒಲೆಗಳನ್ನು ಹೊತ್ತಿಸಿದಳು. ಹೋಗುವುದಾದರೆ ಹೊಗೆಯಾಡುತ್ತಲೇ ಹೋಗಲಿ ಎಂದುಕೊಂಡಳು. ಮುಕಾಶ್ ಬಂದ. ಅವನ ಹಿಂದೆ ಬೆಗಾಯಿಮ್. ಇಬ್ಬರೂ ಅವಳ ಕಡೆ ನೋಡದೆ ಅಕ್ಕಪಕ್ಕದ ಯಂತ್ರಗಳಲ್ಲಿ ಕೂತರು.

ಮಧ್ಯಾಹ್ನಕ್ಕೆ ಸರಿಯಾಗಿ ಬಡಗಣ ಬೆಟ್ಟದಿಂದ ಬೂದು ಬಾವುಟಗಳು ಇಳಿದವು, ತೆಂಕಣ ಹೊಳೆ ದಾಟಿ ಕೆಂಪು ಬಾವುಟಗಳು ಬಂದವು. ಊರ ಗೋಡೆಯ ತನಕ ಬಂದವು. ಕಲಿಪಾ ಕಣ್ಣು ಮುಚ್ಚಿಕೊಂಡಳು. ಎಷ್ಟು ಹೊತ್ತಾದರೂ ಬೆಂಕಿಯ ಚಟಪಟ ಕೇಳಲಿಲ್ಲ. ಶೇರ್ಗಾಜಿ ಭುಜ ಅಲುಗಿಸಿದ. "ಮುದುಕೀ, ಕಣ್ಬಿಡೇ. ಇವರೇನು ಬೆನ್ನು ತಿರುಗಿಸಿ ನಿಂತಿದಾರೆ?"

ಹೌದು. ಎರಡೂ ದಂಡುಗಳು ಗೋಡೆಗೆ ಬೆನ್ನು ಕೊಟ್ಟು, ಈಟಿಗಳನ್ನು ಹೊರಗಡೆಗೆ ಚಾಚಿ ನಿಂತಿದ್ದವು. ಪರದೆಯ ಮೇಲೆ ಅಕ್ಷರ ಮೂಡಿತು: ಕಬ್ಬಿಣಗಡ್ಡ ದ್ರೋಹಿ. ಮಂಜುಗಣ್ಣ ದ್ರೋಹಿ. ಅರಸನೂ ರಾಣಿಯೂ ಕೋಪದಿಂದ ತಂತಮ್ಮ ಸ್ವಂತ ಸೇನೆಯನ್ನು ಕಳಿಸಿದರು. ಆಮೇಲಿನ ಒಂದು ಗಂಟೆ ಕ್ಲಬ್ಬು ಕುದುರೆ ಪಂದ್ಯದ ಬಯಲಾಯಿತು. ಮಾವನ ಎದುರು ದನಿ ಎತ್ತದ ಸೊಸೆ ಕಿಟಕಿ ನಡುಗುವಂತೆ ಕೂಗಿದಳು: "ಅತಾ, ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ! ಅದು ಬಲ!"

"ಹೋದೆ, ಹೋದೆ ಕಣಮ್ಮಾ!" ಎಂದು ಮುದುಕ ಏದುಸಿರು ಬಿಟ್ಟ.

ಸಿಂಹಾಸನ ಯಾರಿಗೂ ದಕ್ಕಲಿಲ್ಲ. ಊರಿನ ಎರಡು ಕೊಟ್ಟಿಗೆ ಸುಟ್ಟವು, ನಲವತ್ತೊಂದು ಮನೆ ಉಳಿದವು. ಕಾಳಗ ಮುಗಿದ ಕೂಡಲೇ ಆಟ ಆ ಇಬ್ಬರ ಪದವಿ, ಕುದುರೆ, ಕವಚ ಎಲ್ಲ ಕಿತ್ತುಕೊಂಡು ಕೈಗೆ ಒಂದೊಂದು ಮರದ ಈಟಿ ಕೊಟ್ಟಿತು. ಅರವತ್ತೆರಡು ವರ್ಷದ ಬದುಕಿನಲ್ಲಿ ಕಲಿಪಾಳದೆಂಬ ಒಂದು ವಸ್ತುವಿಗಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಎಲ್ಲರೆದುರೇ ಗಳಗಳ ಅತ್ತಳು, ಅಳುತ್ತಲೇ ನಕ್ಕಳು. ಮುಕಾಶ್‌ಗೆ ಮುಜುಗರವಾಗಿ, ಹಸು ನೋಡಬೇಕು ಎಂದೇನೋ ಗೊಣಗಿ ಎದ್ದು ಹೋದ.

ಸೋಮವಾರ ಸಂಜೆ ಅವಳು ಆಟ ತೆರೆದು ಊರ ಬಾಗಿಲಿಗೆ ಬಂದಳು. ಬಾಗಿಲ ಆಚೀಚೆ ಇಬ್ಬರು ಕಾವಲುಗಾರರು ಮರದ ಈಟಿ ಹಿಡಿದು ನಿಂತಿದ್ದರು. ಕಿಟಕಿ ಪಕ್ಕದ ಯಂತ್ರದಿಂದ ಮುಕಾಶ್‌ನ ಗಡಸು ದನಿ ಕೇಳಿತು.

"ಯಾರದು? ಹೆಸರು, ಊರು ಹೇಳಿ ಒಳಗೆ ಹೋಗ್ಬೇಕು."

"ಕಲಿಪಾ" ಎಂದಳು ಅವಳು. "ಇದೇ ಊರೋಳು."