ಹಿಂದಕ್ಕೆ ಓಡಿದ ರೇಸ್ ಕಾರು

ಇದು 1939ರ ಬೇಸಿಗೆಯ ಮಾತು. ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗಾಗ ಹದಿನಾಲ್ಕು ವರ್ಷ. ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಿಂದ ಸಮ್ಮರ್ ವೆಕೇಶನ್ನಿಗೆಂದು ಮನೆಗೆ ಬಂದಿದ್ದೆ. ನಮ್ಮ ಮನೆ ಮದ್ದೂರಿಗೂ ನಿಡಘಟ್ಟಕ್ಕೂ ನಡುವೆ, ಮೈಸೂರು ರಸ್ತೆಯ ಪಕ್ಕದಲ್ಲೇ ಇತ್ತು.

ನನ್ನ ಅಪ್ಪ ಕಬ್ಬು ಬೆಳೆಯುವ ಗೌಡರ ಮನೆಯಲ್ಲಿ ಹುಟ್ಟಿದ್ದರೂ ಅವರ ಜೀವವೆಲ್ಲ ಯಂತ್ರಗಳಲ್ಲಿತ್ತು. ಶಿವನಸಮುದ್ರದ ಪವರ್ ಹೌಸಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಡುವಾಗ ಒಂದು ಹಳೆಯ ಪುಟ್ಟ ಕಾರನ್ನು, ಆಗಿನ ಮಾತಿನಲ್ಲಿ ಬೇಬಿ ಕಾರನ್ನು, ಅಪ್ಪನಿಗೆ ಮಾರಿ ಹೋಗಿದ್ದ. ಅದರ ಸೀಟಿನ ಮೇಲೆ ಒಂದು ಇಂಗ್ಲಿಷ್ ಮ್ಯಾಗಝೀನ್ ಬಿದ್ದಿತ್ತು. ಅದರಲ್ಲೊಂದು ಅಡ್ವರ್ಟೈಸ್‌ಮೆಂಟು: ನಿಮ್ಮ ಹಳೆಯ ಬೇಬಿ ಕಾರನ್ನು ಮನೆಯಲ್ಲೇ ರೇಸ್ ಕಾರಿನ ತದ್ರೂಪು ಮಾಡಿಕೊಳ್ಳಿ, ನಕ್ಷೆ ಮತ್ತು ಸಾಮಾನು ನಾವು ಕಳಿಸುತ್ತೇವೆ. ಪಕ್ಕದ ಫೋಟೋದಲ್ಲಿ ಉದ್ದ ಮೂತಿಯ, ಮೀನಿನ ಬಾಲದಂಥ ಹಿಂಭಾಗದ ಎರಡು ಸೀಟಿನ ಕಾರು. ಅಪ್ಪ ಆ ಫೋಟೋವನ್ನು ಕತ್ತರಿಸಿ ದೇವರ ಪಟಗಳ ಸಾಲಿನಲ್ಲೇ ಅಂಟಿಸಿಬಿಟ್ಟರು. ಹಿಂದಿನ ವರ್ಷ ನನ್ನ ಕೈಯಲ್ಲೇ ಇಂಗ್ಲೆಂಡಿಗೆ ಕಾಗದ ಬರೆಸಿದ್ದರು. ನಾನು ಬರುವ ಹೊತ್ತಿಗೆ ಮದ್ದೂರು ಸ್ಟೇಷನ್ನಿಗೆ ಮರದ ಪೆಟ್ಟಿಗೆ ಬಂದು, ಎತ್ತಿನ ಗಾಡಿಯಲ್ಲಿ ಮನೆ ಸೇರಿತ್ತು. ಅದರೊಳಗೆ ಸ್ಟೀರಿಂಗ್ ಚಕ್ರ, ಎರಡು ದೀಪ, ಕೆಲವು ಹಲ್ಲುಚಕ್ರಗಳು, ಹಾಸಿಗೆ ದುಪ್ಪಟಿಯಷ್ಟು ಅಗಲದ ಡ್ರಾಯಿಂಗುಗಳು. ಮಿಕ್ಕಿದ್ದನ್ನೆಲ್ಲ ನಾವೇ ಮಾಡಿಕೊಳ್ಳಬೇಕಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ನನ್ನನ್ನು ಕಾನ್ವೆಂಟು ಬಿಡಿಸಬೇಕೆಂದು ಹಟ ಹಿಡಿದಿದ್ದರು.

"ಓದಿದ್ದು ಸಾಕು ಕಣ್ಲಾ. ಮಳವಳ್ಳಿ ಕಡೆಯೋರು ಕೇಳ್ತಾವ್ರೆ, ಒಳ್ಳೆ ಮನೆ. ಇಂಗ್ಲಿಷು ಕಟ್ಕೊಂಡು ಇವ್ಳೇನು ಮುದ್ದೆ ತೊಳಸ್ತಾಳಾ?"

ಅಪ್ಪ, "ಅವ್ವ, ಈ ಕಾರಿನ ಕಾಗ್ದ ಓದಿ ಏಳೋರು ಈ ಸುತ್ತಿನಲ್ಲಿ ಇವ್ಳು ಬಿಟ್ರೆ ಯಾರವ್ರೆ? ಇವ್ಳ ಓದಿನಿಂದ ಕಾರು ಓಡಿದ್ರೆ ಜೂನಿಗೆ ಮೈಸೂರಿಗೆ ಕಳಿಸ್ತೀನಿ" ಎಂದರು.

"ಓಡಿದ್ರೆ ಓಗ್ಲಿ. ಓಡ್ನಿಲ್ಲ ಅಂದ್ರೆ ಮಳವಳ್ಳಿಯೋರ್ಗೆ ಊಂ ಅಂದ್ಬುಡು" ಎಂದರು ಅಜ್ಜಿ. ಅಲ್ಲಿಗೆ ಒಪ್ಪಂದವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಕಾರು ಕಟ್ಟಲು ಬಂದವರು ಮದ್ದೂರಿನ ಬುಡೇನ್ ಸಾಬ್ರು. ಬಸ್ಸು, ಲಾರಿ ರಿಪೇರಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಓದು ಬರುತ್ತಿರಲಿಲ್ಲ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಕೆಲಸ ನಡೆಯುತ್ತಿದ್ದದ್ದು ಗಾಡಿ ಕೊಟ್ಟಿಗೆಯಲ್ಲಿ. ದೊಡ್ಡವಳಾದ ಹುಡುಗಿ ಗಂಡಸರ ನಡುವೆ ಹೋಗಿ ನಿಲ್ಲಬಾರದು ಎಂದು ಅಜ್ಜಿಯ ಆರ್ಡರು. ಹಾಗಾಗಿ ನಾನು ಒಳಗಿನ ರೂಮಿನಲ್ಲಿ, ಕೊಟ್ಟಿಗೆಗೆ ತೆರೆಯುವ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಡ್ರಾಯಿಂಗು ಕಂಬಿಯ ಸಂದಿಯಿಂದ ಒಳಗೆ ಬರುತ್ತಿತ್ತು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಮತ್ತೆ ಹೊರಗೆ ಹೋಗುತ್ತಿತ್ತು. ಎರಡು ವಾರದಲ್ಲಿ ಆ ಕಾಗದಗಳ ತುಂಬ ಸಾಬ್ರ ಹೆಬ್ಬೆಟ್ಟಿನ ಎಣ್ಣೆ ಗುರುತು.

ಎಂಥ ಸಂಭ್ರಮದ ದಿನಗಳವು. ಬಾನೆಟ್ಟಿಗೆ ಬೇಕಾದ ತಗಡು ಸಿಗದೆ ಅಪ್ಪ ಆಲೆಮನೆಯ ಹಳೆಯ ಕೊಪ್ಪರಿಗೆಯನ್ನೇ ಕತ್ತರಿಸಿ ಬಡಿಸಿದರು. ಎಷ್ಟು ಉಜ್ಜಿದರೂ ಅದರ ಬೆಲ್ಲದ ವಾಸನೆ ಹೋಗಲಿಲ್ಲ. ಬಿಸಿಲು ಏರಿತೆಂದರೆ ರೇಸ್ ಕಾರಿನ ಮೂತಿಗೆ ಕಟ್ಟಿರುವೆ ಮುತ್ತುತ್ತಿದ್ದವು. "ಗೌಡ್ರೆ, ನಿಮ್ ಕಾರಿಗೆ ಪೆಟ್ರೋಲ್ ಯಾಕೆ, ಈ ಇರುವೆಗಳೇ ಎಳ್ಕೊಂಡೋಯ್ತವೆ" ಎಂದು ಸಾಬ್ರು ನಗುತ್ತಿದ್ದರು. ನಾನೂ ಕಿಟಕಿಯೊಳಗೆ ನಗುತ್ತಿದ್ದೆ.

ಒಂದು ದಿನ ಹಿಂದಿನ ಆಕ್ಸಲಿನ ಸರದಿ ಬಂತು. ಅದರೊಳಗೆ ಒಂದು ದೊಡ್ಡ ಹಲ್ಲುಚಕ್ರವಿರುತ್ತದೆ. ಎಂಜಿನ್ನಿನ ತಿರುಗುವಿಕೆ ಹಿಂದಿನ ಗಾಲಿಗಳನ್ನು ಮುಟ್ಟುವುದು ಅದರಿಂದಲೇ. ಪೆಟ್ಟಿಗೆಯಲ್ಲಿ ಬಂದ ಹೊಸ ಚಕ್ರವನ್ನು ಅಲ್ಲಿ ಕೂರಿಸಬೇಕಿತ್ತು. ಸಾಬ್ರು ನಕ್ಷೆ ನೋಡಿ ತಲೆ ಕೆರೆದುಕೊಂಡರು.

"ಅಮ್ಮಣ್ಣಿ, ನಮ್ ಬಸ್ಸುಗಳಲ್ಲಿ ಈ ಚಕ್ರ ಆ ಕಡೆಗಿರ್ತದೆ. ಈ ಚಿತ್ರದಲ್ಲಿ ನೋಡಿದ್ರೆ ಈ ಕಡೆ ಐತೆ. ಕೆಳ್ಗಡೆ ಇರುವೆ ಸಾಲಿನಂಗೆ ಏನೋ ಬರ್ದವ್ರಲ್ಲ, ಅದೇನು?"

ನೋಡಿದೆ. ಬಹಳ ಸಣ್ಣಕ್ಷರದ ಎರಡು ಸಾಲು. ಅದರಲ್ಲಿ ಆಫ್‌ಸೈಡ್, ನಿಯರ್‌ಸೈಡ್ ಎಂಬ ಎರಡು ಮಾತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ ಹೂವಿತ್ತು, ಹಕ್ಕಿಯಿತ್ತು, ಪ್ರೇಯರ್ ಇತ್ತು. ಆಕ್ಸಲ್ ಇರಲಿಲ್ಲ. ಆ ಮಾತುಗಳ ಅರ್ಥ ನನಗೆ ಗೊತ್ತಿರಲಿಲ್ಲ. ಅಪ್ಪ ಅಲ್ಲೇ ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂದರೆ ಇವಳ ಇಂಗ್ಲಿಷು ಇಷ್ಟೇ ಎಂದುಕೊಂಡಾರು, ಮಳವಳ್ಳಿ ಹತ್ತಿರವಾದೀತು ಎಂದು ಹೆದರಿದೆ.

"ಅದು ಕಂಪನಿ ಅಡ್ರೆಸ್ಸು. ಚಿತ್ರದಲ್ಲಿ ಹೇಗಿದೆಯೋ ಹಾಗೇ ಕೂರಿಸಿ" ಎಂದೆ.

ಸಾಬ್ರು ಚಿತ್ರವನ್ನು ಇನ್ನೊಮ್ಮೆ ನೋಡಿಕೊಂಡರು. ಆಮೇಲೆ, "ರೇಸ್ ಕಾರಲ್ವಾ, ಬ್ಯಾರೆ ತರ ಇದ್ದಾತು" ಎಂದು ಕಾರಿನ ಅಡಿಗೆ ಹೋದರು.

ಮೇ ತಿಂಗಳ ಕೊನೆಗೆ ಕಾರು ಸಿದ್ಧವಾಯಿತು. ಕೆಂಪು ಬಣ್ಣ ಬಳಿದು ಅಂಗಳದಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ನೋಡಲು ಅರ್ಧ ಊರು ಸೇರಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಮದ್ದೂರಿನ ಬಸ್ಸೊಂದನ್ನು ಡ್ರೈವರ್ ನಿಲ್ಲಿಸಿಕೊಂಡು ಕಾದ. ಅಜ್ಜಿ ಆರತಿ ಎತ್ತಿ, ಮುಂದಿನ ಎರಡು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಅಪ್ಪ ಮದುವೆಯ ಕೋಟು ತೊಟ್ಟು, ಕಣ್ಣಿಗೆ ಗಾಗಲ್ಸ್ ಹಾಕಿ ಒಳಗೆ ಕೂತರು. ನಾನು ಜಗಲಿಯ ಮೇಲೆ ಹೆಂಗಸರ ಜೊತೆ ನಿಂತಿದ್ದೆ. ಎಂಜಿನ್ನು ಗುಡುಗಿತು. ಅಪ್ಪ ಎಲ್ಲರಿಗೂ ಕೈಮುಗಿದು ಗೇರು ಹಾಕಿದರು.

ಕಾರು ಹಿಂದಕ್ಕೆ ಹೋಯಿತು.

ಅಪ್ಪ ಗಾಬರಿಯಾಗಿ ಎರಡನೇ ಗೇರಿಗೆ ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಕೋಳಿಗಳು ಹಾರಿದವು, ಜನ ದಿಕ್ಕಾಪಾಲಾದರು. ಮೀನಿನ ಬಾಲದಂಥ ಆ ಚಂದದ ಹಿಂಭಾಗ ನೇರವಾಗಿ ತಿಪ್ಪೆಗುಂಡಿಗೆ ಇಳಿದು ನಿಂತಿತು. ಸಾಬ್ರು ಓಡಿಬಂದು, "ರಿವರ್ಸ್ ಆಕಿ ಗೌಡ್ರೆ, ರಿವರ್ಸ್ ಆಕಿ" ಎಂದು ಕೂಗಿದರು. ರಿವರ್ಸ್ ಹಾಕಿದಾಗ ಕಾರು ಮುಂದಕ್ಕೆ ಹತ್ತಿ ಬಂತು. ಜನ ನೆಲಕ್ಕೆ ಕೂತು ನಕ್ಕರು. ಬಸ್ಸಿನ ಡ್ರೈವರ್ ಹಾರ್ನ್ ಒತ್ತಿ ಒತ್ತಿ ನಕ್ಕ.

ಅಜ್ಜಿ ಮಾತ್ರ ನಗಲಿಲ್ಲ. ಹೋಗಿ ಎರಡು ನಿಂಬೆಹಣ್ಣನ್ನೂ ಎತ್ತಿಕೊಂಡರು. ಅವು ಇಟ್ಟ ಹಾಗೇ ಇದ್ದವು. "ನೋಡ್ಲಾ, ಅಂಗೇ ಅವೆ. ನಿನ್ ಮಗಳ ಇಂಗ್ಲಿಷು ನಿನ್ನ ತಿಪ್ಪೆಗೆ ಕರ್ಕೊಂಡೋಯ್ತು. ಮಳವಳ್ಳಿಗೆ ಏಳ್ಕಳ್ಸು."

ಅಪ್ಪ ಗಾಗಲ್ಸ್ ತೆಗೆದು ನನ್ನ ಕಡೆ ನೋಡಿದರು. "ಏನವ್ವ, ಸರ್ಯಾಗಿ ಓದಿ ಏಳಿದ್ಯಾ?"

ನಾನು ಹೆಂಗಸರ ಹಿಂದಕ್ಕೆ ಸರಿದೆ. ಆಗ ಸಾಬ್ರು ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. "ಅಮ್ಮಣ್ಣಿ ಸರ್ಯಾಗೇ ಓದವ್ರೆ ಗೌಡ್ರೆ. ನಾನೇ ಬಸ್ಸಿನ ಅಭ್ಯಾಸದ ಮ್ಯಾಲೆ ಚಕ್ರ ತಿರುವ್ಮುರುವು ಕೂರ್ಸ್ಬುಟ್ಟೆ. ಅದು ಕಡೆ ಬದಲಾದ್ರೆ ಗಾಲಿನೂ ಹಿಂದುಕ್ಕೆ ತಿರುಗ್ತವೆ. ಎಂಟು ದಿನ ಕೊಡಿ, ಸರಿ ಮಾಡ್ತೀನಿ."

ಬಸ್ಸಿನ ಅಭ್ಯಾಸವನ್ನೇ ಅವರು ನಂಬಿದ್ದರೆ ಕಾರು ಮುಂದಕ್ಕೇ ಓಡುತ್ತಿತ್ತು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

"ಇಪ್ಪತ್ತು ವರ್ಷ ಬಸ್ಸು ಬಿಚ್ಚಿದೋನು, ಎಡ ಯಾವ್ದು ಬಲ ಯಾವ್ದು ಗೊತ್ತಾಗ್ಲಿಲ್ವಾ ನಿಂಗೆ?" ಎಂದು ಅಪ್ಪ ಅಷ್ಟು ಜನರೆದುರಿಗೆ ಬೈದರು. ಅದುವರೆಗೆ ಅಪ್ಪ ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಸಾಬ್ರು ತಲೆ ತಗ್ಗಿಸಿ ನಿಂತಿದ್ದರು.

ಸಂಜೆ ಅವರು ಕಿಟಕಿಯ ಹತ್ತಿರ ಬಂದು ಆ ನಕ್ಷೆಯನ್ನು ಕಂಬಿಯ ಸಂದಿಯಲ್ಲಿ ತೂರಿಸಿದರು. "ಈಗ ನಿಜ ಏಳಿ. ಅಡ್ರೆಸ್ಸಾ ಅದು?"

ನಾನು ಅಳುತ್ತಾ ಅಲ್ಲವೆಂದೆ. ಅರ್ಥವಾಗಲಿಲ್ಲ, ಅಪ್ಪ ಎದುರಿಗಿದ್ದರು ಎಂದೆ.

"ನಂಗೂ ಓದಾಕೆ ಬರಲ್ಲ. ಬರಲ್ಲ ಅಂತೀನಿ, ನಾಕು ಜನ ಓದಿ ಏಳ್ತಾರೆ. ಬತ್ತದೆ ಅಂದಿದ್ರೆ ಒಬ್ರಾದ್ರೂ ಏಳ್ತಿದ್ರಾ?" ಎಂದರು. ಗದರುವ ದನಿಯಲ್ಲ, ಬೋಲ್ಟು ಬಿಗಿಯುವುದನ್ನು ತೋರಿಸಿಕೊಡುವ ದನಿ.

"ಮತ್ತೆ ನೀವ್ಯಾಕೆ ನಿಮ್ಮ ತಪ್ಪು ಅಂದ್ರಿ?"

"ನಂಗೇನು, ನಾಳೆ ಇನ್ನೊಂದು ಗಾಡಿ ಬತ್ತದೆ. ನಿಮ್ಗೆ ಇನ್ನೊಂದು ಇಸ್ಕೂಲು ಬತ್ತದಾ? ಅಳಬ್ಯಾಡಿ ಕಣಮ್ಮ, ಪೇಪರು ನೆನೀತದೆ."

ಎಂಟನೇ ದಿನ ಗಾಲಿಯಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಅಜ್ಜಿ ಆಡಿದ ಮಾತಿಗೆ ತಪ್ಪಲಿಲ್ಲ. ಚಕ್ಕುಲಿ ಡಬ್ಬಿ ಕಟ್ಟಿಕೊಟ್ಟು, "ಓಗು, ಓದ್ಕೊ" ಎಂದರು. ಅದೇ ಕಾರಿನಲ್ಲಿ, ಮಂಡ್ಯದ ಮೇಲೆ ಹಾದು ಅಪ್ಪ ನನ್ನನ್ನು ಮೈಸೂರಿಗೆ ಬಿಟ್ಟುಬಂದರು. ಹೋದ ಕೂಡಲೇ ನಮ್ಮ ಲೈಬ್ರರಿಯ ದೊಡ್ಡ ಡಿಕ್ಷನರಿ ತೆರೆದೆ. ನಿಯರ್‌ಸೈಡ್ ಅಂದರೆ ಗಾಡಿಯ ಎಡಭಾಗ, ಆಫ್‌ಸೈಡ್ ಅಂದರೆ ಬಲಭಾಗ. ಆ ಚಿತ್ರ ಕಾರಿನ ಮುಂದೆ ನಿಂತು ನೋಡಿದ್ದು, ಆದ್ದರಿಂದ ಎಡಬಲ ಅದಲುಬದಲಾಗಿ ಕಾಣುತ್ತದೆ ಎಂದಷ್ಟೇ ಆ ಎರಡು ಸಾಲು ಹೇಳುತ್ತಿದ್ದವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಬಸ್ಸಿನ ಡ್ರೈವರ್ ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಬುಡೇನ್ ಸಾಬ್ರು 'ರಿವರ್ಸ್ ಸಾಬ್ರು' ಆಗಿಬಿಟ್ಟರು. ಪ್ರತಿ ರಜೆಯಲ್ಲೂ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತಿತ್ತು: "ರಿವರ್ಸ್ ಸಾಬ್ರೆ, ನಮ್ ಗಾಡಿನ ಮುಂದುಕ್ಕೇ ಓಡಂಗೆ ಮಾಡ್ರಪ್ಪ." ಅವರೂ ನಗುತ್ತಿದ್ದರು. ನಾನು ಸೆರಗು ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದೆ. ಎಂಥ ಹೇಡಿ ನಾನು.

1946ರಲ್ಲಿ ಬಿ.ಎ. ಮುಗಿಸಿ ಮಂಡ್ಯದಲ್ಲಿ ಟೀಚರ್ ಆದೆ. ಕೆಲಸಕ್ಕೆ ಸೇರುವ ಮೊದಲು ಸಾಬ್ರ ಶೆಡ್ಡಿಗೆ ಹೋದೆ. ಗಡ್ಡ ಬೆಳ್ಳಗಾಗಿತ್ತು. "ಸಾಬ್ರೆ, ಇವತ್ತು ಅಪ್ಪನಿಗೆ, ಊರಿಗೆ ಎಲ್ಲ ನಿಜ ಹೇಳ್ತೀನಿ. ಈ ಹೆಸರು ನಿಮಗೆ ಬೇಡ" ಎಂದೆ.

ಅವರು ಸ್ಪ್ಯಾನರ್ ಕೆಳಗಿಡದೆ ಹೇಳಿದರು: "ಸುಮ್ನಿರಿ ಕಣಮ್ಮ. ಆ ಎಸ್ರು ಕೇಳ್ಕೊಂಡೇ ಚನ್ನಪಟ್ಣದಿಂದ ಗಿರಾಕಿ ಬತ್ತಾವ್ರೆ. ಈಗ ನೀವು ಅದ್ನೂ ಕಿತ್ಕೊಂಡ್ರೆ ನನ್ ಗತಿ ಏನು?"

ನಾನು ನಕ್ಕುಬಿಟ್ಟೆ. ಮನಸ್ಸು ಹಗುರಾಯಿತು. ಮಂಡ್ಯದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಮದ್ದೂರು ದಾಟಿದ ಮೇಲೆ ಹೊಳೆಯಿತು. ಚಕ್ರ ತಿರುವುಮುರುವು ಕೂರಿಸುವವನು ಎಂದು ಹೆಸರಾದ ಮೆಕ್ಯಾನಿಕ್ಕಿನ ಹತ್ತಿರ ಯಾವ ಗಿರಾಕಿ ಹುಡುಕಿಕೊಂಡು ಬರುತ್ತಾನೆ? ಆ ಶೆಡ್ಡಿನಲ್ಲಿ ಅವತ್ತು ಒಂದು ಗಾಡಿಯೂ ಇರಲಿಲ್ಲ. ಅವರು ಬಿಗಿಯುತ್ತಿದ್ದದ್ದು ಯಾರದೋ ಸೈಕಲ್ಲನ್ನು.

ಇಳಿದು ಹಿಂದಿರುಗಬೇಕಿತ್ತು. ಇಳಿಯಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಸೇರಬೇಕಿತ್ತು ಎಂಬುದು ನೆಪ. ಸಾಬ್ರು ಹೋದರು, ಅಪ್ಪ ಹೋದರು. ನನಗೀಗ ಎಂಬತ್ತು ದಾಟಿದೆ. ಮದ್ದೂರಿನ ಕಡೆ ಆ ಅಡ್ಡಹೆಸರು ನೆನಪಿರುವ ಹಿರಿಯರು ಇನ್ನೂ ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಓದಿ ಪಕ್ಕದವರಿಗೂ ಹೇಳಿ. ಬುಡೇನ್ ಸಾಬ್ರು ಚಕ್ರವನ್ನು ಎಂದೂ ತಪ್ಪಾಗಿ ಕೂರಿಸಿದವರಲ್ಲ. ಅವರಿಗೆ ತಪ್ಪು ಹೇಳಿದವಳು ನಾನು.