ಸೊನ್ನೆಗಳನ್ನು ನಂಬದ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಆಕೆ ಕಿಟಕಿಗೆ ಆತು ನಿಂತು, ಪುಟ್ಟ ಡೈರಿಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದಾರೆ. ಶಾಯಿ ಎಲ್ಲಿ ದಟ್ಟ, ಎಲ್ಲಿ ತೆಳು, ಪುಟದ ಮೂಲೆ ಮುದುಡಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಆಮೇಲೆ ಮೂಗು ಮುರಿಯುತ್ತಾರೆ. "ಇದು ನಿನ್ನೆ ಬಸ್ಸಲ್ಲಿ ಕೂತು ಬರೆದಿದ್ದು. ಮೂವತ್ತು ದಿನದ್ದೂ ಒಂದೇ ಉಸಿರಲ್ಲಿ!"

ಇಲ್ಲಿ ಮೂರ್ಛೆರೋಗದ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿದೆ. ನೂರ ಹನ್ನೆರಡು ರೋಗಿಗಳು. ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ಹಳೆಯದು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ದಿನಕ್ಕೆ ಎಷ್ಟು ಸಲ ಫಿಟ್ಸ್ ಬಂತೆಂದು ಮನೆಯವರು ಡೈರಿಯಲ್ಲಿ ಬರೆಯಬೇಕು, ಬಾರದಿದ್ದರೆ ಸೊನ್ನೆ. ಇಂಥ ಪರೀಕ್ಷೆಗಳಲ್ಲಿ ದಿನಕ್ಕೆ ಹದಿನೈದು ಡೈರಿಗಳನ್ನು ತಿರುವಿ, ಡಬ್ಬಿಗಳಲ್ಲಿ ಉಳಿದ ಮಾತ್ರೆ ಎಣಿಸಿ, ಎರಡಕ್ಕೂ ತಾಳೆ ನೋಡುವುದು ಆಕೆಗೆ ಹನ್ನೊಂದು ವರ್ಷದಿಂದ ಕೆಲಸ. ವಾರ್ಡಿನವರು ಇಟ್ಟ ಹೆಸರು ಅನುಮಾನದಕ್ಕ. ಪ್ರಕಟವಾಗುವ ಸಂಶೋಧನಾ ವರದಿಗಳಲ್ಲಿ ಆಕೆಯ ಹೆಸರು ಇದುವರೆಗೆ ಬಂದಿಲ್ಲ.

"ನೀವು ಬರೆಯೋದನ್ನ ಯಾರು ತಾಳೆ ನೋಡ್ತಾರೆ?" ಎಂದು, ಆಕೆಯ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಕೇಳಿದರು. ನನಗೆ ರೇಗಿತು. ಇಷ್ಟೊಂದು ಅನುಮಾನವೂ ಒಂದು ಕಾಯಿಲೆಯೇ ಇರಬೇಕು ಎನಿಸಿತು.

ಲೇತ್ ಮಷಿನ್ ಕೆಲಸಗಾರನೊಬ್ಬನ ಕಥೆ ಕೇಳಿದ ಮೇಲೆ ಸ್ವಲ್ಪ ತಣ್ಣಗಾದೆ. ಆರು ತಿಂಗಳು ಫಿಟ್ಸ್ ಬಾರದಿದ್ದರೆ ಮಾತ್ರ ಮತ್ತೆ ಮಷಿನ್ ಮುಂದೆ ನಿಲ್ಲಿಸುತ್ತೇವೆ ಎಂದಿತ್ತು ಕಾರ್ಖಾನೆ. ಕಳೆದ ವರ್ಷ, ಆ ಆರರಲ್ಲಿ ಐದನೇ ತಿಂಗಳು, ಅವನ ಹೆಂಡತಿ ಡೈರಿ ತಂದಾಗ ಪುಟದ ತುಂಬ ದುಂಡು ದುಂಡಗಿನ ಸೊನ್ನೆ. ಮಾತ್ರೆಗಳ ಲೆಕ್ಕವೂ ಸರಿ. ಆದರೆ ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತಮ್ಮಾ ಬೆರಳಿಗೆ?"

"ತರಕಾರಿ ಹೆಚ್ಚೋವಾಗ ಚಾಕು ತಗಲ್ತು ಅಕ್ಕ."

ಅಕ್ಕ ಬಟ್ಟೆ ಬಿಚ್ಚಿಸಿದರು. ಗಾಯ ಬೆರಳಿನ ಮೇಲೂ ಇತ್ತು, ಕೆಳಗೂ ಇತ್ತು.

"ನಿಮ್ಮನೆ ಚಾಕು ಎರಡೂ ಕಡೆಯಿಂದ ಕಚ್ಚುತ್ತಾ?"

ನಾಲಿಗೆ ಕಚ್ಚಿಕೊಳ್ಳದಿರಲೆಂದು ಫಿಟ್ಸ್ ಬಂದವರ ಹಲ್ಲಿನ ನಡುವೆ ಬೆರಳು ತೂರಿಸುವವರು ಇಂದಿಗೂ ಇದ್ದಾರೆ. ಹಾಗೆ ಮಾಡಲೇಬಾರದು. ಹೆಂಡತಿ ಅತ್ತಳು. ಆ ತಿಂಗಳು ನಾಲ್ಕು ಸಲ ಬಂದಿತ್ತು.

"ಬರೀಬೇಡಿ ಅಕ್ಕ, ಕೆಲಸ ಹೋಗುತ್ತೆ."

"ತಿರುಗೋ ಮಷಿನ್ ಮೇಲೆ ಬಿದ್ರೆ ಕೈಯೇ ಹೋಗುತ್ತೆ ತಾಯಿ."

ಬರೆದೇ ಬಿಟ್ಟರು. ಡಾಕ್ಟರು ಡೋಸ್ ಏರಿಸಿದರು. ಕಾರ್ಖಾನೆ ಅವನನ್ನು ಪ್ಯಾಕಿಂಗಿಗೆ ಹಾಕಿತು. ಹೆಂಡತಿ ಮೂರು ತಿಂಗಳು ಅಕ್ಕನ ಮುಖ ನೋಡಲಿಲ್ಲ.

ಇದೆಲ್ಲ ನಿಮಗೆ ಹೇಗೆ ಹೊಳೆಯುತ್ತದೆ ಎಂದು ಕೇಳಿದರೆ ಆಕೆ ಮಾತು ಹಾರಿಸುತ್ತಾರೆ. ನಾನೂ ಬಿಡುವುದಿಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ತಿರುಗಿಸುತ್ತ ಹೇಳುತ್ತಾರೆ: "ನಮ್ಮಣ್ಣನಿಗೂ ಇತ್ತು. ಡೈರಿ ಬರೀತಿದ್ದಿದ್ದು ನಾನು. ಮದುವೆ ಮಾತು ನಡೀತಿತ್ತು, ಹೆಣ್ಣಿನ ಕಡೆಯೋರಿಗೆ ಗೊತ್ತಾಗ್ಬಾರ್ದು, ಬಂದ್ರೂ ಸೊನ್ನೆ ಹಾಕು ಅಂದ್ರು ಅಮ್ಮ. ಹಾಕ್ದೆ. ಡಾಕ್ಟ್ರು ನೋಡಿ ಖುಷಿಯಾಗಿ ಮಾತ್ರೆ ಕಮ್ಮಿ ಮಾಡಿದ್ರು. ಮೆಟ್ಟಿಲು ಇಳೀತಿದ್ದಾಗ ಬಂತು. ಅಣ್ಣ ಮತ್ತೆ ಏಳಲಿಲ್ಲ."

ಆಕೆಯ ಅನುಮಾನವನ್ನು ಕಾಯಿಲೆ ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಒಂಬತ್ತಕ್ಕೆ ಬಾಗಿಲು ತೆರೆದು ಬರುವವಳು ಲೇತ್ ಕೆಲಸಗಾರನ ಅದೇ ಹೆಂಡತಿ. ಈಗ ಡೈರಿಗೆ ಎಣ್ಣೆ ಕಲೆ, ಮೂರು ಬಗೆಯ ಶಾಯಿ, ಒಂದು ಪುಟ ಹರಿದು ಅಂಟಿಸಿದ್ದು. ಹಿಂದಿನ ತಿಂಗಳುಗಳಲ್ಲಿ ಮೂರು, ಎರಡು, ಒಂದು. ಈ ತಿಂಗಳು ಪೂರ್ತಿ ಸೊನ್ನೆ. ಅಕ್ಕ ಡೈರಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಮಾತ್ರೆಗಳನ್ನು ಎರಡು ಸಲ ಎಣಿಸುತ್ತಾರೆ.

"ಎಲ್ಲಿ, ಕೈ ಕೊಡು."

ಹೆಂಡತಿ ನಗುತ್ತ ಎರಡೂ ಕೈ ಚಾಚುತ್ತಾಳೆ. ಅಕ್ಕ ಹತ್ತು ಬೆರಳನ್ನೂ ಒಂದೊಂದಾಗಿ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಆ ಕೈಗಳನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಪುಟದ ಕೆಳಗೆ ಸಹಿ ಹಾಕಿ, ನನ್ನ ಕಡೆ ತಿರುಗುತ್ತಾರೆ.

"ಈ ಸೊನ್ನೆ ನಂಬಿದೀನಿ. ಬೇಕಾದ್ರೆ ಇದನ್ನ ಬರ್ಕೊಳ್ಳಿ."